ಜೀವಕೋಶವೂ ಮೂರು ಬೇನೆಗಳೂ

ಬೆಳಗಾವಿಯಿಂದ ದಕ್ಷಿಣಾಭಿಮುಖವಾಗಿ ಸುಮಾರು 16 ಮೈಲು ಸಾಗಿದರೆ ಮಲಪ್ರಭೆಯ ದಂಡೆಯ ಮೇಲಿರುವ ಖಾನಾಪುರವು ಸಿಗುತ್ತದೆ. ಆ ತಾಲ್ಲೂಕಿನ ಕಣಕುಂಬಿಯಲ್ಲಿಯೇ ಹುಟ್ಟಿದ ನದಿಯು ಈ ಊರನ್ನು ಮುಟ್ಟುವ ವೇಳೆಗೆ ಒಳ್ಳೆಯ ಮಣ್ಣಿನ ನೆಲವನ್ನು ಹಾದು ಬಂದಿರುತ್ತದೆ. ಖಾನಾಪುರದ ಮಡಕೆಗೂ ಇಟ್ಟಿಗೆಗೂ ಹೆಂಚಿಗೂ ಸುತ್ತಣ ಸೀಮೆಯಲ್ಲೆಲ್ಲ ಹೆಸರುಂಟು. ಕುಂಬಾರಿಕೆಯನ್ನು ಕಲಿಸುವ ಸಂಸ್ಥೆಯೊಂದು ಅಲ್ಲಿ ನೆಲೆಗೊಂಡದ್ದೂ ಈ ಕಾರಣದಿಂದಲೇ. ಆದರೆ ಊರಿನಿಂದ ಪಡುವಣ ದಿಕ್ಕಿಗೆ ತಿರುಗಿದರೆ ನೋಟವೇ ಬೇರೆ. ಅಲ್ಲಿ ಸಹ್ಯಾದ್ರಿಯ ಕಾಡು, ಭೀಮಗಡದ ಬೆಟ್ಟ, ಬಾವಲಿಗಳು ತೂಗುವ ಬಾರಾಪೇಡೆಯ ಗವಿಗಳು. ಒಂದು ಕಡೆ ಮನುಷ್ಯನು ಸುಟ್ಟು ಮಾಡಿದ ಇಟ್ಟಿಗೆಯ ರಾಶಿ. ಇನ್ನೊಂದು ಕಡೆ ಯಾರೂ ಕಟ್ಟದೆ ತಾನೇ ಬೆಳೆದ ಅರಣ್ಯ.

ಇಂದು ನಾವು ಪ್ರಸ್ತಾಪಿಸಬೇಕಾದ ವಿಷಯಕ್ಕೆ ಈ ಎರಡು ನೋಟಗಳೂ ಬೇಕು. ಇಟ್ಟಿಗೆಗಳಿಂದ ಮನೆಯು ಹೇಗೋ ಹಾಗೆ ಜೀವಕೋಶಗಳಿಂದ ದೇಹವು ಎಂದು ಶಾಲೆಯ ಮಕ್ಕಳಿಗೆ ಹೇಳಿಕೊಡುವ ವಾಡಿಕೆಯಿದೆ. ಹೋಲಿಕೆಯು ಸುಲಭವಾದದ್ದು, ಮೊದಲ ದಿನದ ಪಾಠಕ್ಕೆ ಸಾಕಾದದ್ದು. ಆದರೆ ಅದು ಅರ್ಧ ಮಾತ್ರ ನಿಜ. ಖಾನಾಪುರದ ಯಾವ ಗೂಡಿನಲ್ಲಿಯೂ ಒಂದು ಇಟ್ಟಿಗೆಯು ಇನ್ನೊಂದು ಇಟ್ಟಿಗೆಯನ್ನು ಹೆತ್ತುದಿಲ್ಲ. ಇಟ್ಟಿಗೆಯು ಉಣ್ಣುವುದಿಲ್ಲ, ಉಸಿರಾಡುವುದಿಲ್ಲ; ತನ್ನೊಳಕ್ಕೆ ಕಳ್ಳನನ್ನು ಬಿಟ್ಟುಕೊಂಡು ಮೋಸಹೋಗುವುದೂ ಇಲ್ಲ. ಜೀವಕೋಶವು ಇವೆಲ್ಲವನ್ನೂ ಮಾಡುತ್ತದೆ. ಈ ಉಳಿದರ್ಧವನ್ನು ಮನುಷ್ಯನು ಕಲಿತುಕೊಂಡ ಚರಿತ್ರೆಯಲ್ಲಿ ನಮ್ಮ ನಾಡಿಗೂ ಒಂದು ಪಾಲಿದೆ. ಪ್ಲೇಗು, ಸಿಡುಬು, ಚಳಿಜ್ವರ ಎಂಬ ಮೂರು ಬೇನೆಗಳು ಬೆಳಗಾವಿಯ ಪೇಟೆಯಲ್ಲಿಯೂ ಖಾನಾಪುರದ ಕಾಡಿನ ಹಳ್ಳಿಗಳಲ್ಲಿಯೂ ಕಲಿಸಿದ ಪಾಠಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಜೀವಕೋಶವೆಂದರೇನೆಂಬುದು ತಾನಾಗಿ ತಿಳಿಯುತ್ತದೆ. ಆ ಕೆಲಸವನ್ನೇ ನಾವಿಲ್ಲಿ ಕೈಗೊಂಡಿದ್ದೇವೆ.

ಮೊದಲು ಹೆಸರಿನ ವಿಚಾರ. 1665ನೆಯ ಇಸವಿಯಲ್ಲಿ ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿದ್ವಾಂಸನು ‘ಮೈಕ್ರೋಗ್ರಾಫಿಯ’ ಎಂಬ ಗ್ರಂಥವನ್ನು ಪ್ರಕಟಿಸಿದನು. ಸೀಸೆಯ ಬಾಯಿಗೆ ಹಾಕುವ ಬಿರಡೆಯ ತೆಳ್ಳನೆಯ ಹೋಳನ್ನು ಆತನು ತನ್ನ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ, ಜೇನುಹುಟ್ಟಿನಲ್ಲಿರುವಂತೆ ಸಾಲುಸಾಲಾಗಿ ಸಣ್ಣ ಗೂಡುಗಳು ಕಂಡವು. ಒಂದು ಘನ ಅಂಗುಲದಷ್ಟು ಬಿರಡೆಯಲ್ಲಿ ಇಂತಹ ಗೂಡುಗಳು ನೂರು ಕೋಟಿಗೂ ಮೇಲ್ಪಟ್ಟು ಇರಬೇಕೆಂದು ಆತನು ಲೆಕ್ಕಹಾಕಿದನು. ಅವುಗಳಿಗೆ ‘ಸೆಲ್’, ಎಂದರೆ ಸಣ್ಣ ಕೋಣೆ, ಎಂದು ಹೆಸರಿಟ್ಟನು. ಆತನು ಕಂಡದ್ದು ಸತ್ತ ಮರದ ತೊಗಟೆಯನ್ನು. ಕೋಣೆಗಳು ಬರಿದಾಗಿದ್ದವು, ಗೋಡೆಗಳು ಮಾತ್ರ ಉಳಿದಿದ್ದವು. ಹೀಗೆ ಜೀವದ ಅತ್ಯಂತ ಮುಖ್ಯವಾದ ವಸ್ತುವಿಗೆ ಜೀವವಿಲ್ಲದ ಬರಿಯ ಮನೆಯ ಹೆಸರು ಅಂಟಿಕೊಂಡಿತು.

ಕನ್ನಡದಲ್ಲಿ ನಾವು ಬಳಸುವ ಶಬ್ದವು ಈ ದೃಷ್ಟಿಯಿಂದ ಹೆಚ್ಚು ಪುಣ್ಯಶಾಲಿಯೆಂದು ನಮಗೆ ತೋರುತ್ತದೆ. ‘ಕೋಶ’ವೆಂದರೆ ಒರೆ, ಪೊರೆ ಎಂಬ ಅರ್ಥಗಳಿರುವಂತೆಯೇ ಭಂಡಾರವೆಂಬ ಅರ್ಥವೂ ಇದೆ. ರಾಜನ ಕೋಶವೆಂದರೆ ಆತನ ಬೊಕ್ಕಸ. ಶಬ್ದಕೋಶವೆಂದರೆ ಶಬ್ದಗಳ ಬೊಕ್ಕಸ. ಜೀವಕೋಶವೆಂದಾಗ ಜೀವದ ಬೊಕ್ಕಸವೆಂಬ ಭಾವವು ನಮ್ಮ ಮನಸ್ಸಿನಲ್ಲಿ ಮೂಡುತ್ತದೆ. ಮುಂದಿನ ಎರಡು ಶತಮಾನಗಳ ಸಂಶೋಧನೆಯೆಲ್ಲವೂ ಆ ಕೋಣೆಯು ಬರಿದಲ್ಲ, ಬೊಕ್ಕಸವೆಂಬುದನ್ನೇ ಮೆಲ್ಲಮೆಲ್ಲಗೆ ತೋರಿಸಿಕೊಟ್ಟಿತು.

ಹಾಲೆಂಡ್ ದೇಶದ ಡೆಲ್ಫ್ಟ್ ಪಟ್ಟಣದಲ್ಲಿ ಬಟ್ಟೆಯ ವ್ಯಾಪಾರಿಯಾಗಿದ್ದ ಲೇವನ್‌ಹುಕ್ ಎಂಬಾತನು ತಾನೇ ಉಜ್ಜಿ ಮಾಡಿದ ಮಸೂರಗಳಿಂದ 1674ರಿಂದ ಮುಂದಕ್ಕೆ ಕೆರೆಯ ನೀರಿನಲ್ಲಿ ಓಡಾಡುವ ಸೂಕ್ಷ್ಮಜೀವಿಗಳನ್ನೂ ರಕ್ತದಲ್ಲಿನ ಕೆಂಪು ಕಣಗಳನ್ನೂ ಕಂಡನು. 1831ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞನು ಸೀತಾಳೆ ಜಾತಿಯ ಗಿಡಗಳ ಕೋಶಗಳಲ್ಲಿ ನಡುವೆ ಒಂದು ಉಂಡೆಯಿರುವುದನ್ನು ಗುರುತಿಸಿ ಅದನ್ನು ಕೇಂದ್ರವೆಂದು ಹೆಸರಿಸಿದನು. 1838ರಲ್ಲಿ ಷ್ಲೈಡನ್ ಎಂಬ ಜರ್ಮನ್ ವಿದ್ವಾಂಸನು ಸಸ್ಯಗಳೆಲ್ಲವೂ ಕೋಶಗಳಿಂದಾದುವೆಂದು ಸಾರಿದನು; ಮರುವರ್ಷವೇ ಷ್ವಾನ್ ಎಂಬಾತನು ಪ್ರಾಣಿಗಳೂ ಹಾಗೆಯೇ ಎಂದು ತೋರಿಸಿದನು. ಮರಕ್ಕೂ ಮೃಗಕ್ಕೂ ಮನುಷ್ಯನಿಗೂ ಒಂದೇ ಮೂಲವೆಂಬ ಮಾತು ತತ್ತ್ವಜ್ಞಾನಿಯ ಬಾಯಿಂದಲ್ಲದೆ ಕಣ್ಣಿನ ಸಾಕ್ಷಿಯಿಂದ ಹೊರಟದ್ದು ಇದೇ ಮೊದಲು. ಭೀಮಗಡದ ಮರದ ಎಲೆಯೂ ಬಾರಾಪೇಡೆಯ ಬಾವಲಿಯ ರೆಕ್ಕೆಯೂ ಖಾನಾಪುರದ ಕುಂಬಾರನ ಬೆರಳೂ ಒಂದೇ ಬಗೆಯ ಮೂಲದ್ರವ್ಯದಿಂದ ಆದುವು.

ಆದರೆ ಈ ಕೋಶಗಳು ಬರುವುದು ಎಲ್ಲಿಂದ? ಷ್ಲೈಡನ್ ಮತ್ತು ಷ್ವಾನರು ಇಲ್ಲಿ ಎಡವಿದರು. ಉಪ್ಪಿನ ನೀರಿನಲ್ಲಿ ಹರಳು ಕಟ್ಟುವಂತೆ, ರೂಪವಿಲ್ಲದ ದ್ರವದಲ್ಲಿ ಕೋಶಗಳು ತಾವಾಗಿ ಗಟ್ಟಿಗೊಳ್ಳುತ್ತವೆಂದು ಅವರು ನಂಬಿದ್ದರು. ರೋಬರ್ಟ್ ರೇಮಾಕನು ಒಂದು ಕೋಶವು ಸೀಳಿ ಎರಡಾಗುವುದನ್ನು ಕಣ್ಣಾರೆ ಕಂಡು ಅದನ್ನು ಅಲ್ಲಗಳೆದನು. 1855ರಲ್ಲಿ ರುಡಾಲ್ಫ್ ವಿರ್ಷೋ ಎಂಬ ವೈದ್ಯನು ಆ ಸತ್ಯವನ್ನು ಸೂತ್ರರೂಪದಲ್ಲಿ ಹೇಳಿದನು: ಪ್ರತಿಯೊಂದು ಕೋಶವೂ ಇನ್ನೊಂದು ಕೋಶದಿಂದಲೇ ಹುಟ್ಟತಕ್ಕದ್ದು. 1858ರ ತನ್ನ ಗ್ರಂಥದಲ್ಲಿ ಆತನು ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ರೋಗವು ವಾತ ಪಿತ್ತಾದಿ ರಸಗಳ ಏರುಪೇರಲ್ಲ, ಕೆಟ್ಟ ಗಾಳಿಯೂ ಅಲ್ಲ. ಅದು ಕೋಶಗಳಲ್ಲಿ ನಡೆಯುವ ವ್ಯಾಪಾರವೆಂದು ವಾದಿಸಿದನು. ಅದೇ ಕಾಲದಲ್ಲಿ ಪಾಸ್ತರನು, ಕುದಿಸಿ ಬಾಯಿ ಕಾಪಾಡಿದ ಸಾರಿನಲ್ಲಿ ಯಾವ ಜೀವವೂ ತಾನಾಗಿ ಹುಟ್ಟುವುದಿಲ್ಲವೆಂದು ಸಿದ್ಧಪಡಿಸಿದನು. ಜೀವವೆಂಬುದು ದೀಪದಿಂದ ದೀಪಕ್ಕೆ ಹತ್ತಿದ ಬೆಳಕು. ನಡುವೆ ಒಮ್ಮೆಯೂ ಆರಿದುದಿಲ್ಲ.

ಯೂರೋಪಿನ ಪಂಡಿತರ ಈ ಮಾತುಗಳು ನಮ್ಮ ಊರುಗಳ ಬಾಗಿಲನ್ನು ತಟ್ಟಿದ್ದು ಪುಸ್ತಕದ ರೂಪದಲ್ಲಲ್ಲ, ಸಾವಿನ ರೂಪದಲ್ಲಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುದಾರಿಗಳನ್ನು ಹಿಡಿದು ದಕ್ಷಿಣಕ್ಕೆ ಇಳಿಯಿತು. ಆಗ ಬೆಳಗಾವಿ ಧಾರವಾಡಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ಒಂದೆರಡು ವರ್ಷಗಳಲ್ಲಿಯೇ ಆ ಜಿಲ್ಲೆಗಳೆಲ್ಲ ಪ್ಲೇಗಿನ ಬಾಯಿಗೆ ಬಿದ್ದುವು. 1898ರಲ್ಲಿ ಅದು ಬೆಂಗಳೂರನ್ನೂ ತಲಪಿತು. ಮನೆಯ ತೊಲೆಯಿಂದ ಇಲಿ ಬಿದ್ದರೆ ಒಲೆಯ ಮೇಲಿನ ಅನ್ನವನ್ನು ಹಾಗೆಯೇ ಬಿಟ್ಟು ಊರ ಹೊರಗಿನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಕಥೆಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಬೆಂಗಳೂರಿನಲ್ಲಿ ಪ್ಲೇಗಿನಮ್ಮನಿಗೆ ಗುಡಿಯೇ ಎದ್ದಿತು. ಭಯಕ್ಕೆ ಹೆಸರಿಟ್ಟು ಪೂಜಿಸುವುದು ಮನುಷ್ಯ ಸಹಜವಾದದ್ದು. ಅದನ್ನು ನಗುವುದು ನಮ್ಮ ಉದ್ದೇಶವಲ್ಲ.

ಅದೇ ಭಯಕ್ಕೆ ಬೇರೊಂದು ಹೆಸರನ್ನು 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ವೈದ್ಯನು ಕಂಡುಹಿಡಿದಿದ್ದನು. ಪ್ಲೇಗಿನ ಗಂಟಿನೊಳಗೆ ಕಡ್ಡಿಯಾಕಾರದ ಸೂಕ್ಷ್ಮಾಣುಗಳು ತುಂಬಿದ್ದುವು. ಒಂದು ಮಿಲಿಮೀಟರಿನ ಸಾವಿರದ ಒಂದೆರಡು ಪಾಲಿನಷ್ಟು ಉದ್ದವಾದ ಆ ಕಡ್ಡಿಯೊಂದೊಂದೂ ಒಂದೊಂದು ಜೀವಕೋಶ. ನಮ್ಮ ದೇಹದ ಕೋಶಗಳಂತೆ ಅದಕ್ಕೆ ಕೇಂದ್ರವಿಲ್ಲ. ಆದರೆ ಗೋಡೆಯುಂಟು, ಒಳಗೆ ಅಡಿಗೆಮನೆಯುಂಟು, ವಂಶವನ್ನು ನಡೆಸುವ ಸಾಮಗ್ರಿಯುಂಟು. ಅನ್ನ ಸಿಕ್ಕರೆ ಅದು ಯಾರ ಹಂಗೂ ಇಲ್ಲದೆ ಬೆಳೆದು ಎರಡಾಗುತ್ತದೆ. ಇಲಿಯ ಮೈಮೇಲಿನ ಚಿಗಟವು ಅದನ್ನು ಮನುಷ್ಯನಿಗೆ ಮುಟ್ಟಿಸುತ್ತದೆಂಬುದನ್ನು 1898ರಲ್ಲಿ ಸೈಮನ್ ಎಂಬಾತನು ಕರಾಚಿಯಲ್ಲಿ ತೋರಿಸಿದನು.

ಪ್ಲೇಗಿನ ಕಡ್ಡಿಯ ಈ ಸ್ವಾತಂತ್ರ್ಯವೇ ಅದನ್ನು ಎದುರಿಸುವ ದಾರಿಯನ್ನೂ ತೆರೆಯಿತು. ಹಾಫ್ಕಿನ್ ಎಂಬ ವಿಜ್ಞಾನಿಯು 1896ರಲ್ಲಿ ಮುಂಬಯಿಗೆ ಬಂದು, ಗ್ರಾಂಟ್ ವೈದ್ಯಕೀಯ ಕಾಲೇಜಿನ ಕಿರಿದಾದ ಜಾಗದಲ್ಲಿ ಕೆಲಸವನ್ನು ಆರಂಭಿಸಿದನು. ಆಡಿನ ಮಾಂಸದ ಸಾರನ್ನು ಗಾಜಿನ ಬುರುಡೆಗಳಲ್ಲಿ ತುಂಬಿ ಅದರ ಮೇಲೆ ತುಪ್ಪದ ಹನಿಗಳನ್ನು ತೇಲಬಿಟ್ಟು ಪ್ಲೇಗಿನ ಕಡ್ಡಿಗಳನ್ನು ಬಿತ್ತಿದನು. ತುಪ್ಪದ ಕೆಳಗಿನಿಂದ ಅವು ಗವಿಯ ಮೇಲ್ಛಾವಣಿಯ ಸುಣ್ಣದ ಕೋಲುಗಳಂತೆ ಜೋಲುತ್ತ ಬೆಳೆದುವು. ಹಲವು ವಾರಗಳ ಬಳಿಕ ಆ ಬೆಳೆಯನ್ನು ಕಾಯಿಸಿ ಕೊಂದು, ಕಾರ್ಬಾಲಿಕ್ ಆಮ್ಲವನ್ನು ಬೆರಸಿ, ಸತ್ತ ಕೋಶಗಳ ಆ ನೀರನ್ನು 1897ರ ಜನವರಿ 10ರಂದು ಮೊಟ್ಟಮೊದಲು ತನಗೇ ಚುಚ್ಚಿಸಿಕೊಂಡನು. ಮರುವರ್ಷ ಹುಬ್ಬಳ್ಳಿಯೊಂದರಲ್ಲಿಯೇ ಮೂವತ್ತು ಸಾವಿರಕ್ಕೂ ಹೆಚ್ಚು ಜನರು ಈ ಲಸಿಕೆಯನ್ನು ಹಾಕಿಸಿಕೊಂಡರು. ಅಷ್ಟು ದೊಡ್ಡ ಪರೀಕ್ಷೆಯು ಅಂದಿಗೆ ಎಲ್ಲಿಯೂ ಅಪರೂಪವಾಗಿದ್ದಿತು.

ಇದೇ ಕಾರ್ಯದಲ್ಲಿ ಒಂದು ದುರಂತವೂ ನಡೆಯಿತು. 1902ರಲ್ಲಿ ಪಂಜಾಬಿನ ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಲಸಿಕೆಯನ್ನು ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್ಕಿನ್ನನ ಮೇಲೆ ಅಪವಾದವು ಬಂದಿತು. ಆತನು ನಿರ್ದೋಷಿಯೆಂದು ತೀರ್ಮಾನವಾಗುವುದಕ್ಕೆ 1907ರವರೆಗೆ ಕಾಯಬೇಕಾಯಿತು. ಆ ಸೀಸೆಯಲ್ಲಿ ಹೊರಗಿನಿಂದ ಹೊಕ್ಕ ಧನುರ್ವಾಯುವಿನ ಸೂಕ್ಷ್ಮಾಣುಗಳಿದ್ದುವು. ಕೋಶವು ಕೋಶದಿಂದಲೇ ಹುಟ್ಟುತ್ತದೆಂಬ ವಿರ್ಷೋವಿನ ಸೂತ್ರವು ಕನಿಕರವನ್ನು ಅರಿಯದು. ಒಳಗೆ ಒಂದು ಹೊಕ್ಕರೆ ಅದರ ಸಂತಾನವೂ ಹೊಕ್ಕಂತೆಯೇ. ವೈದ್ಯನು ಸೂಜಿಯನ್ನು ಕುದಿಸುವುದರ, ಸೂಲಗಿತ್ತಿಯು ಕೈಯನ್ನು ತೊಳೆಯುವುದರ ಮರ್ಮವೂ ಇದರಲ್ಲಿಯೇ ಇದೆ.

ಪ್ಲೇಗಿನದು ಒಂದು ಪಾಠವಾಯಿತು. ಸಿಡುಬಿನದು ಇದಕ್ಕೆ ಪೂರಾ ವಿರುದ್ಧವಾದ ಪಾಠ. ಉತ್ತರದ ಜಿಲ್ಲೆಗಳಲ್ಲಿ ಮೈಲಿಬೇನೆಯೆಂದೂ ಇತರ ಕಡೆಗಳಲ್ಲಿ ಅಮ್ಮ, ದೇವಿ ಎಂದೂ ಕರೆಯಿಸಿಕೊಂಡ ಈ ಬೇನೆಗೆ ಮದ್ದು ಸಿಕ್ಕಿದ್ದು ಜೀವಕೋಶದ ತತ್ತ್ವವು ಹುಟ್ಟುವುದಕ್ಕಿಂತ ನಾಲ್ಕು ದಶಕಗಳ ಮೊದಲೇ. 1796ರಲ್ಲಿ ಜೆನ್ನರನು ಹಸುವಿನ ಸಿಡುಬಿನ ಕೀವನ್ನು ಹುಡುಗನೊಬ್ಬನ ತೋಳಿಗೆ ಚುಚ್ಚಿ, ಅದು ಮನುಷ್ಯನ ಸಿಡುಬನ್ನು ತಡೆಯುತ್ತದೆಂದು ತೋರಿಸಿದನು. ಆದರೆ ಆ ಕೀವನ್ನು ಸೀಸೆಯಲ್ಲಿ ತುಂಬಿ ದೂರದ ದೇಶಗಳಿಗೆ ಕಳುಹಿಸಿದರೆ ದಾರಿಯಲ್ಲಿಯೇ ಅದರ ಶಕ್ತಿಯು ಅಳಿದುಹೋಗುತ್ತಿತ್ತು. ಆದುದರಿಂದ ಒಬ್ಬ ಮಗುವಿನ ತೋಳಿನಿಂದ ಇನ್ನೊಬ್ಬ ಮಗುವಿನ ತೋಳಿಗೆ, ಅಲ್ಲಿಂದ ಮತ್ತೊಬ್ಬನಿಗೆ ಎಂದು ಬದುಕಿರುವ ಮೈಗಳ ಸರಪಳಿಯ ಮೂಲಕ ಅದನ್ನು ಸಾಗಿಸಬೇಕಾಯಿತು. ಬಾಗದಾದು, ಬಸ್ರಾಗಳ ದಾರಿಯಾಗಿ ಬಂದ ಲಸಿಕೆಯು 1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ದುಸ್ತಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ ಫಲಿಸಿತು. ಅಲ್ಲಿಂದ ಅದು ದೇಶದಲ್ಲೆಲ್ಲ ಹರಡಿತು. ಮೈಸೂರಿನ ಅರಮನೆಯ ರಾಣಿಯರನ್ನು ಚಿತ್ರಕಾರ ಥಾಮಸ್ ಹಿಕಿಯು 1805ರ ಸುಮಾರಿನಲ್ಲಿ ಬರೆದ ಪಟವೊಂದಿದೆ. ಅದರಲ್ಲಿ ಕಿರಿಯ ರಾಣಿಯು ಸೆರಗನ್ನು ಸರಿಸಿ ತೋಳಿನತ್ತ ಬೆರಳು ತೋರಿಸುತ್ತಿರುವುದು ಲಸಿಕೆಯ ಗುರುತನ್ನು ಪ್ರಜೆಗಳಿಗೆ ಕಾಣಿಸುವುದಕ್ಕಾಗಿಯೇ ಎಂದು ಇತ್ತೀಚಿನ ಇತಿಹಾಸಕಾರರು ಅಭಿಪ್ರಾಯಪಟ್ಟಿದ್ದಾರೆ.

ತೋಳಿನಿಂದ ತೋಳಿಗೆ ಹಾಕುವ ಪದ್ಧತಿಯು ಜನರಿಗೆ ಒಗ್ಗಲಿಲ್ಲ. ಯಾವ ಮನೆಯ ಯಾವ ಮಗುವಿನ ಕೀವೋ ತಮ್ಮ ಮಗುವಿನ ರಕ್ತಕ್ಕೆ ಸೇರುವುದೆಂಬ ಅಳುಕು ಮೇಲುಜಾತಿಯವರಲ್ಲಿ ಬಲವಾಗಿದ್ದಿತು. ಕೀವಿನೊಡನೆ ಬೇರೆ ರೋಗಗಳೂ ದಾಟುತ್ತಿದ್ದುದು ಸುಳ್ಳಲ್ಲ. ಹಾಗಾದರೆ ಹಾಫ್ಕಿನ್ನನು ಪ್ಲೇಗಿನ ಕಡ್ಡಿಗಳನ್ನು ಬೆಳೆದಂತೆ ಸಿಡುಬಿನ ಬೀಜವನ್ನೂ ಸಾರಿನಲ್ಲಿ ಬೆಳೆಯಬಾರದಾಗಿತ್ತೆ? ಎಂತಹ ಪುಷ್ಟಿಯಾದ ಸಾರನ್ನು ಕೊಟ್ಟರೂ ಅದು ಬೆಳೆಯಲಿಲ್ಲ. ಅದಕ್ಕೆ ಬೇಕಾದದ್ದು ಅನ್ನವಲ್ಲ, ಬದುಕಿರುವ ಮೈ. ಆದಕಾರಣ ವೈದ್ಯರು ಮಕ್ಕಳ ತೋಳನ್ನು ಬಿಟ್ಟು ಕರುವಿನ ಚರ್ಮವನ್ನು ಆಶ್ರಯಿಸಿದರು.

ಇಲ್ಲಿ ಬೆಳಗಾವಿಯು ನಮ್ಮ ಕಥೆಗೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರು ಎತ್ತರದಲ್ಲಿ, ಸಹ್ಯಾದ್ರಿಯ ತಂಪನ್ನು ಅನುಭವಿಸುತ್ತಿರುವ ಈ ಊರಿನಲ್ಲಿ, 20ನೆಯ ಶತಮಾನದ ಆರಂಭದ ವರ್ಷಗಳಲ್ಲಿ ಮುಂಬಯಿ ಪ್ರಾಂತದ ಲಸಿಕೆಯ ಸಂಸ್ಥೆಯು ನೆಲೆಗೊಂಡಿತು. ಬಿಸಿಲಿಗೆ ಬಾಡುವ ಲಸಿಕೆಗೆ ಇಂತಹ ಹವೆಯು ಅನುಕೂಲವಾದದ್ದು. ಟಿಳಕವಾಡಿಯ ಮಗ್ಗುಲಿನ ಆ ವಿಶಾಲವಾದ ಮರಗಳ ಬಯಲನ್ನು ಊರಿನವರು ಇಂದಿಗೂ ‘ವ್ಯಾಕ್ಸಿನ್ ಡಿಪೋ’ ಎಂದೇ ಕರೆಯುತ್ತಾರೆ. ಸಂಜೆಯ ಹೊತ್ತು ಅಲ್ಲಿ ಗಾಳಿಸವಾರಿಗೆ ಹೋಗುವ ಅನೇಕರಿಗೆ ಆ ಹೆಸರು ಹೇಗೆ ಬಂದಿತೆಂಬುದು ಮರೆತಿರಬಹುದು.

ಇಂತಹ ಸಂಸ್ಥೆಗಳಲ್ಲಿ ನಡೆಯುತ್ತಿದ್ದ ಕೆಲಸದ ಕ್ರಮವು ಹೀಗೆ. ಆರೋಗ್ಯವಂತವಾದ ಕರುವಿನ ಹೊಟ್ಟೆಯ ಭಾಗವನ್ನು ಬೋಳಿಸಿ ಚೆನ್ನಾಗಿ ತೊಳೆದು, ಚರ್ಮವನ್ನು ಮೇಲೆಮೇಲೆ ಗೀರಿ, ಅದರಲ್ಲಿ ಬೀಜದ ಲಸಿಕೆಯನ್ನು ಸವರುತ್ತಿದ್ದರು. ಸುಮಾರು ಐದು ದಿನಗಳಲ್ಲಿ ಆ ಗೀರುಗಳ ಉದ್ದಕ್ಕೂ ಗುಳ್ಳೆಗಳು ಏಳುತ್ತಿದ್ದುವು. ಅವುಗಳನ್ನು ಹೆರೆದು ತೆಗೆದ ತಿರುಳನ್ನು ಅರೆದು ಗ್ಲಿಸರಿನ್ನಿನೊಡನೆ ಬೆರಸಿ, ತಂಪಾದ ಜಾಗದಲ್ಲಿ ಇರಿಸುತ್ತಿದ್ದರು. ಗ್ಲಿಸರಿನ್ನು ಇತರ ಸೂಕ್ಷ್ಮಾಣುಗಳನ್ನು ಕ್ರಮೇಣ ಕೊಲ್ಲುತ್ತದೆ. ಸಿಡುಬಿನ ಲಸಿಕೆಯ ಬೀಜವನ್ನು ಉಳಿಸುತ್ತದೆ. ಬಳಿಕ ಅದನ್ನು ಸಣ್ಣ ಕೊಳವೆಗಳಲ್ಲಿ ತುಂಬಿ ಊರೂರಿಗೆ ರವಾನಿಸುತ್ತಿದ್ದರು. ಹಳ್ಳಿಯ ಶಾಲೆಗೆ ಲಸಿಕೆಯವನು ಬಂದನೆಂದರೆ ಹುಡುಗರು ಹಿತ್ತಲ ಗೋಡೆಯನ್ನು ಹಾರಿ ಓಡುತ್ತಿದ್ದುದು ಆ ಕೊಳವೆಗಳ ಕಥೆಯ ಕೊನೆಯ ಅಧ್ಯಾಯ.

ಸಾರಿನಲ್ಲಿ ಬೆಳೆಯದ ಬೀಜವು ಕರುವಿನ ಚರ್ಮದಲ್ಲಿ ಬೆಳೆದುದೇಕೆ? ಇದರ ಉತ್ತರವು ಲಸಿಕೆಯನ್ನು ತಯಾರಿಸುತ್ತಿದ್ದವರಿಗೂ ಆಗ ಸ್ಪಷ್ಟವಾಗಿರಲಿಲ್ಲ. 1892ರಲ್ಲಿ ಗ್ವಾರ್ನಿಯೇರಿ ಎಂಬ ಇಟಲಿಯ ವಿದ್ವಾಂಸನು ಸಿಡುಬು ತಗುಲಿದ ಕೋಶಗಳ ಒಳಗಡೆ ವಿಚಿತ್ರವಾದ ಉಂಡೆಗಳನ್ನು ಕಂಡಿದ್ದನು. ಅದೇ ವರ್ಷ ರಷ್ಯಾದ ಇವನೋವ್ಸ್ಕಿಯು ಹೊಗೆಸೊಪ್ಪಿನ ಗಿಡದ ರೋಗವೊಂದನ್ನು ಪರೀಕ್ಷಿಸುತ್ತ, ಸೂಕ್ಷ್ಮಾಣುಗಳು ನುಸುಳಲಾರದ ಶೋಧಕವನ್ನೂ ಅದರ ಬೀಜವು ದಾಟಿಹೋಗುವುದನ್ನು ಗಮನಿಸಿದನು. 1898ರಲ್ಲಿ ಬೈಯರಿಂಕನು ಅದು ಬದುಕಿರುವ ಕೋಶಗಳಲ್ಲಿ ಮಾತ್ರ ವೃದ್ಧಿಯಾಗುತ್ತದೆಂದು ಹೇಳಿ ಅದನ್ನು ವೈರಸ್ ಎಂದು ಕರೆದನು. 1935ರಲ್ಲಿ ಸ್ಟ್ಯಾನ್ಲಿಯು ಆ ಹೊಗೆಸೊಪ್ಪಿನ ವೈರಸ್ಸನ್ನು ಸಕ್ಕರೆಯಂತೆ ಹರಳುಗಟ್ಟಿಸಿದಾಗ ವಿದ್ವಲ್ಲೋಕವು ಬೆರಗಾಯಿತು. ಬದುಕಿರುವುದು ಹರಳಾಗುವುದುಂಟೆ? ಸಂಶೋಧನೆಯು ಮುಂದುವರಿದಂತೆ ತಿಳಿದುಬಂದದ್ದು ಇಷ್ಟು: ವೈರಸ್ಸು ಜೀವಕೋಶವಲ್ಲ. ಅದಕ್ಕೆ ಅಡಿಗೆಮನೆಯಿಲ್ಲ. ತನ್ನಂತಹುದನ್ನು ಮಾಡುವ ವಿಧಾನವನ್ನು ಬರೆದ ಓಲೆಯೊಂದು, ಅದಕ್ಕೊಂದು ಹೊದಿಕೆ, ಇದೇ ಅದರ ಆಸ್ತಿ. ಅದು ಬದುಕಿರುವ ಕೋಶದೊಳಕ್ಕೆ ಹೊಕ್ಕು, ಅಲ್ಲಿನ ಕೆಲಸಗಾರರಿಂದಲೇ ತನ್ನ ಕೆಲಸವನ್ನು ಮಾಡಿಸಿಕೊಳ್ಳುತ್ತದೆ.

ಹೀಗೆ ನೋಡಿದರೆ ಬಾಗದಾದಿನಿಂದ ಮುಂಬಯಿಗೆ ಬಂದ ಮಕ್ಕಳ ತೋಳಿನ ಸರಪಳಿಗೂ ಬೆಳಗಾವಿಯ ಕರುಗಳ ಕೊಟ್ಟಿಗೆಗೂ ಕಾರಣವು ಒಂದೇ. ಹಾಫ್ಕಿನ್ನನ ಬುರುಡೆಯಲ್ಲಿ ಬೆಳೆದದ್ದು ಕೋಶ. ಬೆಳಗಾವಿಯ ಕರುವಿನ ಮೈಮೇಲೆ ಬೆಳೆದದ್ದು ಕೋಶವಲ್ಲದ್ದು. ಪುಸ್ತಕದಲ್ಲಿ ಈ ಭೇದವು ಬರೆಯಲ್ಪಡುವುದಕ್ಕೆ ಮೊದಲೇ ಕೈಕಸುಬು ಅದನ್ನು ಅನುಭವದಿಂದ ಅರಿತಿದ್ದಿತು. ಸ್ವಾತಂತ್ರ್ಯಾನಂತರ 1962ರಲ್ಲಿ ಆರಂಭವಾದ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮಕ್ಕೆ ಬಿಸಿಲನ್ನು ತಾಳಬಲ್ಲ ಒಣ ಲಸಿಕೆಯು ಬೇಕಾಯಿತು. ಅದನ್ನು ನಮ್ಮ ದೇಶದಲ್ಲಿ ತಯಾರಿಸಿದ ನಾಲ್ಕು ಸಂಸ್ಥೆಗಳಲ್ಲಿ ಬೆಳಗಾವಿಯದೂ ಒಂದು. ಉಳಿದುವು ಗಿಂಡಿ, ಹೈದರಾಬಾದು ಮತ್ತು ಪಟ್ವಾಡಾಂಗರಗಳಲ್ಲಿದ್ದುವು. 1975ರ ಮೇ ತಿಂಗಳಲ್ಲಿ ಭಾರತವು ಸಿಡುಬಿನ ಕೊನೆಯ ರೋಗಿಯನ್ನು ಕಂಡಿತು. 1980ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಲೋಕವೇ ಆ ಬೇನೆಯಿಂದ ಬಿಡುಗಡೆಯಾಯಿತೆಂದು ಘೋಷಿಸಿತು. ಕೋಶವಿಲ್ಲದೆ ಬದುಕಲಾರದ ವಸ್ತುವಿಗೆ, ಮನುಷ್ಯನ ಕೋಶವೊಂದನ್ನು ಬಿಟ್ಟರೆ ಬೇರೆ ಆಶ್ರಯವಿರಲಿಲ್ಲ. ಆ ಬಾಗಿಲುಗಳನ್ನೆಲ್ಲ ಲಸಿಕೆಯು ಮುಚ್ಚಿದೊಡನೆ ಅದು ನಿರ್ನಾಮವಾಯಿತು.

ಮೂರನೆಯ ಪಾಠಕ್ಕೆ ನಾವು ಮತ್ತೆ ಖಾನಾಪುರದ ಕಡೆಗೆ, ಅದರ ಕಾಡಿನ ಅಂಚಿನ ಹಳ್ಳಿಗಳಿಗೆ ಹೋಗಬೇಕು. ಸಹ್ಯಾದ್ರಿಯ ಮಗ್ಗುಲಿನ ಊರುಗಳಿಗೆ ಚಳಿಜ್ವರವು ಮನೆಯ ನಂಟನಂತಿದ್ದಿತು. ದಿನ ಬಿಟ್ಟು ದಿನ ನಡುಕ, ಬಳಿಕ ಕಾವು, ಬಳಿಕ ಬೆವರು. ವರ್ಷಗಳು ಕಳೆದಂತೆ ಬಿಳುಚಿದ ಮುಖ, ಉಬ್ಬಿದ ಹೊಟ್ಟೆ. ಮಲೆನಾಡಿಗೆ ವರ್ಗವಾದ ಸರಕಾರಿ ನೌಕರನು ಅದನ್ನು ಶಿಕ್ಷೆಯೆಂದೇ ಭಾವಿಸುತ್ತಿದ್ದ ಕಾಲವೊಂದಿತ್ತು. ಕಾಡಿನ ನೀರೇ ವಿಷ, ಗಾಳಿಯೇ ವಿಷ ಎಂದು ಜನರು ನಂಬಿದ್ದರು. ‘ಮಲೇರಿಯ’ ಎಂಬ ಇಟಲಿಯ ಶಬ್ದಕ್ಕೂ ಕೆಟ್ಟ ಗಾಳಿಯೆಂದೇ ಅರ್ಥ.

1880ರಲ್ಲಿ ಲವರಾನ್ ಎಂಬ ಫ್ರೆಂಚ್ ಸೇನಾವೈದ್ಯನು ಆಲ್ಜೀರಿಯದಲ್ಲಿ ರೋಗಿಯೊಬ್ಬನ ರಕ್ತವನ್ನು ಪರೀಕ್ಷಿಸುವಾಗ ಕೆಂಪು ಕಣಗಳಲ್ಲಿ ಬೇರೊಂದು ಜೀವಿಯು ವಾಸವಾಗಿರುವುದನ್ನು ಕಂಡನು. ಬೆಂಗಳೂರಿನಲ್ಲಿಯೂ ಕೆಲಕಾಲ ಕೆಲಸಮಾಡಿದ್ದ ರೊನಾಲ್ಡ್ ರಾಸನು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅದೇ ಜೀವಿಯನ್ನು ಸೊಳ್ಳೆಯ ಜಠರದಲ್ಲಿ ಗುರುತಿಸಿದನು. ಅಲ್ಲಿಗೆ ಕೆಟ್ಟ ಗಾಳಿಯ ಕಥೆಯು ಮುಗಿಯಿತು. ಆದರೆ ಖಾನಾಪುರದ ಜನರ ಅನುಭವವು ಸುಳ್ಳಾಗಲಿಲ್ಲ. ಬೆಟ್ಟದ ತಿಳಿಯಾದ, ಮೆಲ್ಲಗೆ ಹರಿಯುವ ತೊರೆಗಳ ಅಂಚಿನಲ್ಲಿಯೇ ಫ್ಲೂವಿಯಾಟಿಲಿಸ್ ಎಂಬ ಅನಾಫಿಲಿಸ್ ಸೊಳ್ಳೆಯು ಮೊಟ್ಟೆಯಿಡುತ್ತದೆ. ಸಹ್ಯಾದ್ರಿಯ ತಪ್ಪಲಿನಲ್ಲಿ ಈ ಜ್ವರವನ್ನು ಹರಡಿದವುಗಳಲ್ಲಿ ಅದೇ ಮುಖ್ಯವಾದದ್ದು. ನೀರಿನಲ್ಲಿ ವಿಷವಿರಲಿಲ್ಲ, ವಿಷವನ್ನು ಹೊರುವುದರ ತೊಟ್ಟಿಲಿದ್ದಿತು.

ಈ ರೋಗದ ಜೀವಿಯೂ ಒಂದು ಜೀವಕೋಶವೇ. ಪ್ಲೇಗಿನ ಕಡ್ಡಿಯಂತಲ್ಲದೆ ನಮ್ಮ ಕೋಶಗಳಂತೆ ಇದಕ್ಕೆ ಕೇಂದ್ರವೂ ಉಂಟು. ಆದರೂ ಇದು ನಮ್ಮ ಕೋಶದೊಳಗೆ ಹೊಕ್ಕು ಬಾಳುತ್ತದೆ. ಸೊಳ್ಳೆಯ ಕಡಿತದಿಂದ ರಕ್ತಕ್ಕೆ ಇಳಿದು, ಮೊದಲು ಪಿತ್ತಜನಕಾಂಗದ ಕೋಶಗಳಲ್ಲಿ ಅಡಗಿಕೊಂಡು ವೃದ್ಧಿಯಾಗುತ್ತದೆ. ಈ ಅಡಗುದಾಣವನ್ನು ಷಾರ್ಟ್ ಮತ್ತು ಗಾರ್ನ್‌ಹಮ್ಮರು 1948ರಲ್ಲಿ ಕಂಡುಹಿಡಿದರು. ಅಲ್ಲಿಂದ ಹೊರಬಿದ್ದು ಕೆಂಪು ಕಣಗಳನ್ನು ಸೇರಿ, ಅವುಗಳ ಬಣ್ಣದ್ರವ್ಯವನ್ನೇ ಉಂಡು, ಹತ್ತಿಪ್ಪತ್ತಾಗಿ ಒಡೆದು, ಕಣವನ್ನು ಸೀಳಿ ಹೊರಬರುತ್ತದೆ. ಲಕ್ಷಾಂತರ ಕಣಗಳು 48 ಗಂಟೆಗಳಿಗೊಮ್ಮೆ ಒಟ್ಟಿಗೆ ಒಡೆಯುವ ಆ ಮುಹೂರ್ತದಲ್ಲಿಯೇ ರೋಗಿಗೆ ನಡುಕ. ದಿನ ಬಿಟ್ಟು ದಿನ ಬರುವ ಜ್ವರದ ಲೆಕ್ಕವು ಗ್ರಹಗತಿಯ ಲೆಕ್ಕವಲ್ಲ, ಕೋಶಗಳು ಒಡೆಯುವ ಲೆಕ್ಕ. ವಿರ್ಷೋ ಹೇಳಿದ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ಬೇರೆ ಬೇಕೆ?

ಕ್ವಿನೈನು ಕೆಂಪು ಕಣದಲ್ಲಿರುವ ಈ ಶತ್ರುವನ್ನು ಕೊಂದಿತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಡಿ.ಡಿ.ಟಿ. ಬಂದಾಗ, ಡಾಕ್ಟರ್ ವಿಶ್ವನಾಥನ್ ಅವರ ನೇತೃತ್ವದಲ್ಲಿ ಮುಂಬಯಿ ಪ್ರಾಂತದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಮನೆಮನೆಯ ಗೋಡೆಗಳಿಗೂ ಅದನ್ನು ಸಿಂಪಡಿಸಲಾಯಿತು. ಖಾನಾಪುರದ ನೆರೆಯ ಈ ಸೀಮೆಯಲ್ಲಿ ದೊರೆತ ಯಶಸ್ಸು 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮಕ್ಕೆ ದಾರಿ ತೋರಿಸಿತು. ಆದರೆ ಸಿಡುಬಿನಂತೆ ಮಲೇರಿಯವು ಅಳಿಯಲಿಲ್ಲ. ಸ್ವತಂತ್ರವಾದ ಬುದ್ಧಿಯಿರುವಂತೆ ವೇಷವನ್ನು ಬದಲಿಸುವ, ಎರಡು ಬಗೆಯ ಪ್ರಾಣಿಗಳಲ್ಲಿ ಬಾಳುವ, ಯಕೃತ್ತಿನಲ್ಲಿ ತಿಂಗಳುಗಟ್ಟಲೆ ನಿದ್ರಿಸಬಲ್ಲ ಕೋಶವನ್ನು ಗೆಲ್ಲುವುದು ಸುಲಭವಲ್ಲ.

ಈಗ ಮೂರನ್ನೂ ಒಟ್ಟಿಗೆ ಇಡೋಣ. ಪ್ಲೇಗಿನದು ನಮ್ಮ ಹೊರಗೆಯೂ ಬೆಳೆಯಬಲ್ಲ ಸ್ವತಂತ್ರ ಕೋಶ. ಮಲೇರಿಯದ್ದು ನಮ್ಮ ಕೋಶದೊಳಗೆ ಬಿಡಾರ ಮಾಡುವ ಇನ್ನೊಂದು ಕೋಶ. ಸಿಡುಬಿನದು ಕೋಶವೇ ಅಲ್ಲದೆ ಕೋಶದ ದುಡಿಮೆಯನ್ನು ಕದಿಯುವ ವಸ್ತು. ಈ ಮೂರಕ್ಕೂ ಗುರಿಯಾದ ನಮ್ಮ ದೇಹವು ಸುಮಾರು 30 ಲಕ್ಷ ಕೋಟಿ ಕೋಶಗಳ ಸಂಸಾರ. ಅವೆಲ್ಲವೂ ತಾಯಿಯ ಗರ್ಭದಲ್ಲಿದ್ದ ಒಂದೇ ಕೋಶದ ಸಂತಾನ. ಇಟ್ಟಿಗೆಯ ಹೋಲಿಕೆಯು ಎಲ್ಲಿ ನಿಂತುಹೋಗುತ್ತದೆಂಬುದು ಇದರಿಂದ ತಿಳಿಯುತ್ತದೆ. ಇಟ್ಟಿಗೆಯು ಕಟ್ಟಡದ ಭಾಗ ಮಾತ್ರ. ಜೀವಕೋಶವು ಭಾಗವೂ ಹೌದು, ತಾನೇ ಒಂದು ಬದುಕೂ ಹೌದು.

ಇದು ಕೇವಲ ಪಂಡಿತರ ವಿನೋದವೆಂದು ಯಾರೂ ತಿಳಿಯಬಾರದು. 1940ರ ದಶಕದಲ್ಲಿ ಪೆನಿಸಿಲಿನ್ನು, ಸ್ಟ್ರೆಪ್ಟೋಮೈಸಿನ್ನು ಮುಂತಾದ ಜೀವಿರೋಧಕ ಔಷಧಗಳು ಬಳಕೆಗೆ ಬಂದುವು. ಪೆನಿಸಿಲಿನ್ನು ಸೂಕ್ಷ್ಮಾಣುಗಳ ಕೋಶದ ಗೋಡೆಯನ್ನು ಕೆಡಿಸುತ್ತದೆ. ನಮ್ಮ ಕೋಶಗಳಿಗೆ ಅಂತಹ ಗೋಡೆಯಿಲ್ಲವಾದುದರಿಂದ ನಾವು ಉಳಿಯುತ್ತೇವೆ. ಸ್ಟ್ರೆಪ್ಟೋಮೈಸಿನ್ನು ಅವುಗಳ ಅಡಿಗೆಮನೆಯನ್ನು ಕೆಡಿಸುತ್ತದೆ. ಒಂದು ಕಾಲಕ್ಕೆ ಊರುಗಳನ್ನೇ ಬರಿದುಮಾಡಿದ ಪ್ಲೇಗು ಅದಕ್ಕೆ ಮಣಿಯಿತು. ಆದರೆ ಗೋಡೆಯೂ ಅಡಿಗೆಮನೆಯೂ ಇಲ್ಲದ ವೈರಸ್ಸಿನ ಮೇಲೆ ಇವುಗಳ ಆಟವು ನಡೆಯದು. ಓದುಬರಹ ಬಲ್ಲ ನಮ್ಮ ಪಟ್ಟಣಿಗರು ನೆಗಡಿ ಬಂದಾಗ ವೈದ್ಯನನ್ನು ಕಾಡಿ ಇಂತಹ ಮಾತ್ರೆಗಳನ್ನು ಬರೆಸಿಕೊಳ್ಳುವುದುಂಟು. ಕೆಲವರು ವೈದ್ಯನನ್ನೂ ಕೇಳದೆ ನುಂಗುವುದುಂಟು. ನೆಗಡಿಯು ವೈರಸ್ಸಿನದು, ಮಾತ್ರೆಯು ಅದನ್ನು ಮುಟ್ಟುವುದಿಲ್ಲ. ಅದು ಮುಟ್ಟುವುದು ನಮ್ಮ ಮೈಯಲ್ಲಿರುವ ಇತರ ಸೂಕ್ಷ್ಮಾಣುಗಳನ್ನು. ಅವುಗಳಲ್ಲಿ ಔಷಧವನ್ನು ತಾಳಬಲ್ಲವು ಮಾತ್ರ ಉಳಿದು, ಕೋಶದಿಂದ ಕೋಶವೆಂಬ ನಿಯಮದಂತೆ, ತಮ್ಮಂತಹ ಸಂತಾನವನ್ನೇ ಹೆರುತ್ತವೆ. ನಾಳೆ ನಿಜವಾಗಿ ಔಷಧವು ಬೇಕಾದ ಮಗುವಿಗೆ ಅದು ಕೈಕೊಡುತ್ತದೆ. ಕೋಶಕ್ಕೂ ಕೋಶವಲ್ಲದ್ದಕ್ಕೂ ಇರುವ ಭೇದವನ್ನು ಮರೆತುದಕ್ಕೆ ನಾವು ತೆರುತ್ತಿರುವ ಬೆಲೆಯಿದು.

1963ರಿಂದ ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜೊಂದು ನಡೆಯುತ್ತಿದೆ. ಅಲ್ಲಿಗೆ ಸೇರುವ ತರುಣರು ಮೊದಲ ವರ್ಷದಲ್ಲಿಯೇ ಸೂಕ್ಷ್ಮದರ್ಶಕದ ಮುಂದೆ ಕುಳಿತು, ಹುಕ್ಕನು ಕಂಡುದಕ್ಕಿಂತ ನೂರುಪಾಲು ಹೆಚ್ಚನ್ನು ಕಾಣುತ್ತಾರೆ. ಅವರ ಅಜ್ಜ ಅಜ್ಜಿಯರ ತೋಳಿನ ಮೇಲೆ ದುಂಡಗಿನ, ಕುಳಿಬಿದ್ದ ಒಂದೆರಡು ಕಲೆಗಳಿರುತ್ತವೆ. ಸಿಡುಬಿನ ಲಸಿಕೆಯು 1970ರ ದಶಕದ ಕೊನೆಯಲ್ಲಿ ನಿಂತಿತು. ಆ ಬಳಿಕ ಹುಟ್ಟಿದವರಿಗೆ ಆ ಕಲೆಯಿಲ್ಲ. ವ್ಯಾಕ್ಸಿನ್ ಡಿಪೋವಿನ ಮರಗಳ ಕೆಳಗೆ ನಡೆದಾಡುವ ಹಿರಿಯರು ತಮ್ಮ ಮೊಮ್ಮಕ್ಕಳಿಗೆ ಆ ಕಲೆಯನ್ನೊಮ್ಮೆ ತೋರಿಸಿ, ಇದು ಏಕೆ ಬಂದಿತು, ನಿನಗೆ ಏಕಿಲ್ಲ ಎಂದು ಹೇಳಿದರೆ, ನಾವು ಇಷ್ಟು ಹೊತ್ತು ಹೇಳಿದ ಚರಿತ್ರೆಯು ಎರಡು ಮಾತಿನಲ್ಲಿ ಮುಗಿಯುತ್ತದೆ.